ಅಳುವ ಸಂತನ ಫ್ರೇಮು

ಚಿತ್ರಕ್ಕಿಂತ ಚೌಕಟ್ಟೇ ಚೆನ್ನಾಗಿದೆ ಎಂದರೆ ಕಲಾವಿದನಿಗೆ ಅವಮಾನ. ನನ್ನಂಥ ಅರಸಿಕನಿಗೆ ಮಾತ್ರ ಅದೇ ಖರೀದಿಯ ಸೂತ್ರ. ವಾಷಿಂಗ್ಟನ್ನಿಗೆ ಹತ್ತಿರದ ಸ್ಟರ್ಲಿಂಗಿನ ನಮ್ಮ ಬೀದಿಯಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರು ಅಂಗಳದಲ್ಲಿ ಮಾರಾಟಕ್ಕೆ ಹರವಿದ್ದ ಸಾಮಾನುಗಳ ನಡುವೆ ಚಿನ್ನದ ಬಣ್ಣದ, ಬಳ್ಳಿ ಕೆತ್ತನೆಯ ಫ್ರೇಮೊಂದು ಕಂಡಿತು. ಅದರೊಳಗೊಬ್ಬ ಸಂತ ಕಣ್ಣೀರು ಸುರಿಸುತ್ತಿರುವುದನ್ನು ನಾನು ಗಮನಿಸಿದ್ದು, ನಗಬೇಡಿ, ಮನೆಗೆ ಬಂದ ಮೇಲೆ.

ಫ್ರೇಮು ಬೇಕಾಗಿದ್ದುದು ನಮ್ಮ ಅತ್ತೆಯವರ ಫೋಟೋಗೆ. ವಿಮಾನಗಳು ನಿಂತಿದ್ದ ವರ್ಷ ಅವರು ಧಾರವಾಡದಲ್ಲಿ ತೀರಿಕೊಂಡರು. ನನ್ನ ಹೆಂಡತಿ ಗಿರಿಜಾ ತಾಯಿಯ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿ, ಫೋನನ್ನು ಚಾರ್ಜಿಗೆ ಹಾಕಿ, ಆಫೀಸಿನ ಮೀಟಿಂಗಿಗೆ ಕುಳಿತಳು. ಅಂದಿನಿಂದ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅತ್ತೆಯವರೊಬ್ಬರೇ ಇರುವ ಫೋಟೋ ಎಂದರೆ ವೀಸಾಕ್ಕೆ ತೆಗೆಸಿದ್ದು. ಮೂರು ಮನೆಯಾಚೆಗೂ ಕೇಳುವಂತೆ ನಗುತ್ತಿದ್ದವರು ಅದರಲ್ಲಿ ನಗಬಾರದೆಂಬ ನಿಯಮಕ್ಕೆ ತಲೆಬಾಗಿ ಬಿಗಿದುಕೊಂಡು ಕುಳಿತಿದ್ದರು.

ಸಂತನನ್ನು ಕಳಚಲು ಸ್ಕ್ರೂಡ್ರೈವರ್ ಹಿಡಿದೆ. ಹದಿನೇಳನೇ ಶತಮಾನದ ಬರೋಕ್ ಶೈಲಿಯ ಯಾವುದೋ ಯುರೋಪಿಯನ್ ಚಿತ್ರದ ಅಗ್ಗದ ನಕಲು ಅದು. ಆ ಕಾಲದ ಚಿತ್ರಕಾರರಿಗೆ ಸಂಕೋಚವೆಂಬುದೇ ಇರಲಿಲ್ಲವೇನೋ: ಹಿನ್ನೆಲೆಗೆಲ್ಲ ಕತ್ತಲೆ ಬಳಿದು, ಎಲ್ಲಿಂದಲೋ ಓರೆಬೆಳಕು ತಂದು, ಮುದುಕನ ಕೆಂಪೇರಿದ ಕಣ್ಣು, ತೆರೆದ ಬಾಯಿ, ಎದೆಗೊತ್ತಿದ ಕೈಯ ಕೊಳಕು ಉಗುರು, ಯಾವುದನ್ನೂ ಮರೆಮಾಚಿರಲಿಲ್ಲ. ನಮ್ಮ ದೇವರ ಪಟಗಳು ನಮ್ಮನ್ನೇ ನೋಡಿ ಅಭಯ ಕೊಡುತ್ತವೆ. ಇವನೋ ನಮ್ಮ ಕಡೆ ತಿರುಗಿಯೂ ನೋಡದೆ, ಬಲಗಡೆ ಮೇಲಕ್ಕೆ ದೃಷ್ಟಿ ನೆಟ್ಟು ಅಭಯ ಬೇಡುತ್ತಿದ್ದ. ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿ ಇಂಥವರನ್ನು ಕಂಡಾಗ ‘ಓವರ್ ಆ್ಯಕ್ಟಿಂಗ್’ ಎಂದು ತೀರ್ಪು ಕೊಟ್ಟು ಕಾಫಿ ಹುಡುಕಿಕೊಂಡು ಹೋಗಿದ್ದ ಮಹಾಶಯ ನಾನು.

ಅಷ್ಟರಲ್ಲಿ ಗಿರಿಜಾ ಬಂದಳು. ತುಂಬ ಹೊತ್ತು ಅವನನ್ನೇ ನೋಡಿದಳು.

“ಬಿಚ್ಚಬ್ಯಾಡ್ರಿ, ಇರಲಿ. ಮನ್ಯಾಗ ಒಬ್ಬರಾದ್ರೂ ಬಾಯಿಬಿಟ್ಟು ಅಳಲಿ.”

“ಮತ್ತೆ ಅತ್ತೆಯವರ ಫೋಟೋ?”

“ಅವ್ವಗ ಸಾದಾ ಫ್ರೇಮ್ ಸಾಕು. ಆಂವ ಎಲ್ಲಿ ನೋಡಾಕತ್ತಾನ, ಅಲ್ಲೇ ಹಾಕೋಣ.”

ಸಂತನನ್ನು ತೂಗುಹಾಕಿ, ನಾನು ಕುರ್ಚಿ ಹತ್ತಿ ಫೋಟೋ ಹಿಡಿದೆ. “ಇನ್ನೊಂಚೂರು ಬಲಕ್ಕ” ಎನ್ನುತ್ತಿದ್ದವಳ ದನಿ ಅಲ್ಲೇ ಒಡೆಯಿತು. ಗೋಡೆಗೊರಗಿ, ಸಂತನಿಗೇನೂ ಕಡಿಮೆಯಿಲ್ಲದಂತೆ ಅತ್ತಳು. ಇಳಿಯಬೇಕೋ ಬೇಡವೋ ತಿಳಿಯದೆ ನಾನು ಫೋಟೋ ಹಿಡಿದೇ ನಿಂತೆ.

ಕೊನೆಗೆ ಮೂಗೊರೆಸಿಕೊಂಡು ತಲೆಯೆತ್ತಿದಳು. “ಆಂವ ಅಷ್ಟು ಬೇಡಕೊಳ್ಳಾಕತ್ತಾನ, ಅವ್ವ ನೋಡಿದ್ರ ವೀಸಾ ಆಫೀಸರ್ ಹಂಗ ಕುಂತಾಳ!” ಎಂದು ನಕ್ಕಳು. ಮೂರು ಮನೆಯಾಚೆಗೂ ಕೇಳಿಸಿರಬೇಕು.

ಮನೆಗೆ ಬಂದವರು ಈಗಲೂ ಫ್ರೇಮ್ ಚೆನ್ನಾಗಿದೆ ಎನ್ನುತ್ತಾರೆ. ಒಳಗಿರುವವನನ್ನು ನೋಡಿ ಎನ್ನುತ್ತೇನೆ ನಾನು. ಆಮೇಲೆ, ಅವನು ನೋಡುತ್ತಿರುವವರನ್ನು.