ಅತ್ತೆಯ ಹುಣಸೆಮರಕ್ಕೆ ದೆವ್ವ ಬಂದ ವರ್ಷ

ಕವಲಂದೆ ಕಡೆ ನನ್ನ ಸೋದರತ್ತೆಯ ಹೊಲದ ಬದುವಿನಲ್ಲಿ ಒಂದು ಹುಣಸೆಮರ ಇದೆ. ಹೊಲ, ಹಸು, ಡೈರಿಯ ಹಾಲು ಎಲ್ಲ ಗಂಡುಮಕ್ಕಳ ಕೈಗೆ ಹೋಗಿ, ಅತ್ತೆಗೆಂದು ಉಳಿದದ್ದು ಅದೊಂದೇ. ಆ ಹಣ್ಣು ಮಾರಿ ಬಂದದ್ದನ್ನು ಏನು ಮಾಡಿದೆ ಎಂದು ಅವಳನ್ನು ಯಾರೂ ಕೇಳುವಂತಿಲ್ಲ.

ಅಂಥ ಮರಕ್ಕೆ ನರಸೀಪುರದಿಂದ ಒಬ್ಬ ನಿರ್ದೇಶಕ ಬಂದ. ಮದುವೆ ವಿಡಿಯೋ ತೆಗೆಯುವವನು. ಧನುರ್ಮಾಸದಲ್ಲಿ ಮದುವೆಗಳಿಲ್ಲವಲ್ಲ, ಆಗ ಸಮಾಜವನ್ನು ತಿದ್ದುತ್ತಾನೆ. ಹಳೇ ಕಾಲದ ಶೈಲಿಯ ದೆವ್ವದ ಕಿರುಚಿತ್ರವಂತೆ, ಮೂಢನಂಬಿಕೆ ಬಿಡಿ ಎಂದು ಕೊನೆಗೊಂದು ನೀತಿಯಂತೆ. ಹೊಚ್ಚ ಹೊಸ ಕ್ಯಾಮೆರಾದಲ್ಲಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಗೀರು, ಧೂಳು ಎರಚಿ ಹಳತು ಮಾಡುವುದು. ಹೊಸ ಸೀರೆಗೆ ತೂತು ಮಾಡಿ ಉಟ್ಟವರನ್ನು ನಮ್ಮ ಸೀಮೆಯಲ್ಲಿ ನಾನಂತೂ ಕಂಡಿಲ್ಲ.

ದೆವ್ವದ ಪಾತ್ರಕ್ಕೆ ಸಿಕ್ಕಿದವಳು, ವರ್ಷವೂ ಅತ್ತೆಯ ಮರದ ಹಣ್ಣು ಉದುರಿಸುವ ಹೆಂಗಸರ ಗುಂಪಿನ ಮುಂದಾಳು. ಮೊಣಕಾಲು ಮುಟ್ಟುವ ಕೂದಲು ಅವಳದು. ಬಿಳಿ ಸೀರೆ ಉಡಿಸಿ, ಕೂದಲು ಬಿಡಿಸಿ ಕೊಂಬೆಯ ಮೇಲೆ ಕೂರಿಸಿದರು.

ಚಿತ್ರ ಊರೂರಿನ ಫೋನುಗಳಿಗೆ ಬಂತು. ಪುಣ್ಯಾತ್ಮ ನೀತಿಯನ್ನು ಕೊನೆಯ ಗಳಿಗೆಗೆ ಇಟ್ಟಿದ್ದ. ಅಲ್ಲಿಯವರೆಗೆ ನೋಡುವ ವ್ಯವಧಾನ ಯಾರಿಗಿದೆ? ದೆವ್ವ ಕೂದಲು ಕೆದರಿ ನಗುವಷ್ಟನ್ನೇ ಕತ್ತರಿಸಿ ಹಂಚಿಕೊಂಡರು. ಹಣ್ಣು ಮಾಗಿತು, ಕೂಲಿಗೆ ಒಬ್ಬಳೂ ಬರಲಿಲ್ಲ. ಕೋತಿಗಳು ಮಾತ್ರ ಚಿತ್ರ ನೋಡಿರಲಿಲ್ಲವಾದ್ದರಿಂದ ತಪ್ಪದೆ ಬಂದವು.

ನಂಜನಗೂಡಿನಿಂದ ನಾನು ಹೋದಾಗ ಅತ್ತೆ ಆ ಮುಂದಾಳನ್ನು ಜಗಲಿಯಲ್ಲಿ ಕೂರಿಸಿಕೊಂಡಿದ್ದಳು.

“ಅಲ್ಲ ಕಣಮ್ಮಿ, ದೆವ್ವ ಆಗಿದ್ದೋಳು ನೀನೇ ತಾನೆ?”

“ನಾನೇ ಕಣಕ್ಕ. ಆದ್ರೂ ಅದ್ರೊಳಗೆ ನೋಡುದ್ರೆ ನಾನಲ್ಲ ಅನ್ನುಸ್ತದೆ. ಆ ಮ್ಯೂಜಿಕ್ಕು ಬಂದ್ರೆ ಫೋನೇ ಬೋರಲಾಕ್ತೀನಿ.”

ಅಷ್ಟರಲ್ಲಿ ಒಂದು ಅಡ್ಡಮಳೆಯೂ ಬಿದ್ದು, ಉದುರಿದ ಹಣ್ಣು ಕಪ್ಪಾಯಿತು. ಅತ್ತೆ ಇನ್ನು ತಡಮಾಡಲಿಲ್ಲ. ನನ್ನ ಕೈಯಿಂದಲೇ ಫೋನು ಮಾಡಿಸಿ ನಿರ್ದೇಶಕನನ್ನು ಕರೆಸಿದಳು, ಹೆಂಗಸರನ್ನೆಲ್ಲ ಮರದ ಹತ್ತಿರ ಕರೆದೊಯ್ದಳು. ಅವನು ಬಂದವನೇ, ಚಿತ್ರದಿಂದ ಜನರಲ್ಲಿ ಎಷ್ಟು ಜಾಗೃತಿ ಬಂದಿದೆ ಎಂದು ಅವರನ್ನೇ ಕೇಳಿ ವಿಡಿಯೋ ಮಾಡಲು ನಿಂತ. ಅವರು ಮರದಿಂದ ಮಾರು ದೂರ ನಿಂತಿದ್ದುದು ಅವನ ಕಣ್ಣಿಗೆ ಬೀಳಲಿಲ್ಲ.

“ಫೋನು ಜೋಬಿಗೆ ಆಕು,” ಎಂದಳು ಅತ್ತೆ. “ಈ ಮರಕ್ಕೆ ದೆವ್ವ ಅತ್ತುಸ್ದೋನು ನೀನು. ಈಗ ನೀನೇ ಅತ್ತಿ ಒಂದು ಕೊಂಬೆ ಅಲ್ಲಾಡ್ಸು. ಇವ್ರು ನೋಡ್ಲಿ.”

ಮೂಢನಂಬಿಕೆಯ ಶತ್ರು ಕತ್ತೆತ್ತಿ ಕೊಂಬೆ ನೋಡಿದ, ಸೂರ್ಯನನ್ನು ನೋಡಿದ.

“ಮಟಮಟ ಮಧ್ಯಾನ ಕಣಕ್ಕ. ಈ ಒತ್ತಲ್ಲಿ ಉಣಸೇಮರ ಅತ್ತಬಾರ್ದು ಅಂತಾರೆ.”

ಮೊದಲು ನಕ್ಕವಳು ದೆವ್ವವಾಗಿದ್ದವಳೇ. ಹೊಟ್ಟೆ ಹಿಡಿದುಕೊಂಡು ನಕ್ಕಳು. “ಥೂ, ಇವನು ಕಟ್ಟಿದ ಕತೆಗಾ ನಾನು ಎದ್ರುಕೊಂಡಿದ್ದು,” ಎಂದು ತುರುಬು ಬಿಗಿದು, ಸೆರಗು ಸಿಕ್ಕಿಸಿ, ಗಳ ಎತ್ತಿಕೊಂಡಳು. ಉಳಿದವರು ಕುಕ್ಕೆ ಹಿಡಿದು ಹಿಂದೆಯೇ ಬಂದರು.

ಸಂಜೆಯೊಳಗೆ ಕೋತಿಯೂ ಮಳೆಯೂ ಬಿಟ್ಟಷ್ಟು ಹಣ್ಣು ಅತ್ತೆಯ ಜಗಲಿ ಸೇರಿತು. ಹಿಂದಿನ ವರ್ಷದ ಅರ್ಧವೂ ಇರಲಿಲ್ಲ.