ದಮ್ಮು ಕಲಿಸಿದ ಅಪ್ಪಾರು

ಅವರ ಹೊಟ್ಟೆಯನ್ನು ನೋಡಬೇಕಿತ್ತು ನೀವು. ಉಸಿರು ಪೂರ್ತಿ ಹೊರಗೆ ಬಿಟ್ಟು ಒಳಗೆಳೆದುಕೊಂಡರೆಂದರೆ ಅದು ಹೋಗಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಪಕ್ಕೆಲುಬಿನ ಕೆಳಗೆ ಇಷ್ಟು ದೊಡ್ಡ ಗುಣಿ, ಒಂದು ಬೋಗುಣಿಯನ್ನು ಆರಾಮಾಗಿ ಇಡಬಹುದಿತ್ತು. ಮೊದಲ ದಿನ ಅದನ್ನು ನೋಡಿ ನನ್ನ ಪಕ್ಕದಲ್ಲಿದ್ದ ಖಾಲಾ, ಆಮೇಲೆ ನನಗೆ ಚಿಕ್ಕಮ್ಮನಂತಾದವಳು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅರೇ ಬೇಟಿ, ಅಪ್ಪಾರ ಹೊಟ್ಟಿ ಎಲ್ಲಿಗೆ ಹೋತು? ಬಸ್ ಹತ್ತಿ ರಾಯಚೂರಿಗೆ ಹೋತೇನು?"

ಅವರ ಹೆಸರು ನನಗೆ ಕೊನೆಗೂ ಗೊತ್ತಾಗಲಿಲ್ಲ. ಅವರು ಯೋಗ ಕಲಿಸುತ್ತಿದ್ದ ಆಶ್ರಮದಲ್ಲಿ ಎಲ್ಲರೂ ಅಪ್ಪಾರು ಅನ್ನುತ್ತಿದ್ದರು, ನಾನೂ ಅಂದೆ.

ಅವರನ್ನು ಈಗ ಬರೆಯಲು ಕಾರಣ ನನ್ನ ಮೊಮ್ಮಗಳು. ಮೊನ್ನೆ ತಾಲ್ಲೂಕಿನ ಓಟದಲ್ಲಿ ಮೊದಲು ಬಂದಳು, ನನ್ನ ಬಂಗಾರ! ಮೈದಾನದ ಹಗ್ಗದಾಚೆ ನಿಂತು ನಾನು ಕೂಗಿದ ಕೂಗಿಗೆ ಪಕ್ಕದವರು ಕಿವಿ ಮುಚ್ಚಿಕೊಂಡರು. ಇಬ್ಬರ ಕೈಹಿಡಿದು ಕುಣಿದುಬಿಟ್ಟೆ, ಅವರು ಯಾರೋ ಏನೋ. ನಾಲ್ಕು ಹೆಜ್ಜೆ ಬೇಗ ನಡೆದರೆ ಗೊರಗೊರ ಅನ್ನುತ್ತಿದ್ದ ಎದೆ ನನ್ನದು. ಅಂಥವಳ ವಂಶದಲ್ಲಿ ಓಡುವ ಕೂಸು! ಅವಳಿಗೆ ಉಸಿರು ಹಿಡಿಯುವುದನ್ನು, ಬಿಡುವುದನ್ನು ಕಲಿಸಿದವಳು ನಾನು. ಬಹುಮಾನದ ಬಟ್ಟಲು ಕೈಯಲ್ಲಿ ಹಿಡಿದು ಅವಳು ಕೇಳಿದಳು, "ಯಮ್ಮಾ, ನಿನಗ ಇದನ್ನ ಯಾರು ಕಲಿಸಿದ್ರು?" ಬಾಯಿಮಾತಿನಲ್ಲಿ ಹೇಳಲು ಆಗಲಿಲ್ಲ. ನಾಲ್ಕನೆಯ ಇಯತ್ತೆ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ಎಪ್ಪತ್ತರ ದಶಕದ ಮಾತು. ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ನಾನು ಕೆಲಸಕ್ಕಿದ್ದೆ. ಯಂತ್ರದಿಂದ ಏಳುವ ಹತ್ತಿಯ ಧೂಳು ಮೂಗಿಗೆ, ಬಾಯಿಗೆ ಹೋಗಿ ಹೋಗಿ ಇಪ್ಪತ್ತೆರಡು ತುಂಬುವುದರೊಳಗೆ ದಮ್ಮು ಅಂಟಿತು. ಮಗಳಿಗೆ ಆಗ ಎರಡು ವರ್ಷ. ಅವಳನ್ನು ಎತ್ತಿಕೊಂಡರೆ ನನಗೆ ಉಸಿರು ಸಾಲುತ್ತಿರಲಿಲ್ಲ. ಅದಕ್ಕೆ ಅವಳನ್ನು ಹಿರೇಕೊಟ್ನೆಕಲ್ಲಿನಲ್ಲಿ ನನ್ನ ಅವ್ವನ ಮಡಿಲಿಗೆ ಹಾಕಿ, ದೇವದುರ್ಗದ ಆಚೆ ಹೊಲಗಳ ನಡುವೆ ಇದ್ದ ಆ ಆಶ್ರಮಕ್ಕೆ ಹೋದೆ. ಯೋಗದಿಂದ ದಮ್ಮು ಹೋಗುತ್ತದೆ ಎಂದು ಜಿನ್ನಿನಲ್ಲಿ ಯಾರೋ ಹೇಳಿದ್ದರು. ಬಿಟ್ಟು ಬರುವಾಗ ಅವ್ವ ಒಂದೇ ಮಾತು ಅಂದಳು: "ನೀ ಉಳದು ಬಾ ಸಾಕು. ಈ ಕೂಸಿಗೆ ನಾ ಎಷ್ಟು ದಿನಾ ತಾಯಿ ಆಗಲಿ?"

ಖಾಲಾ ಮಾನ್ವಿಯವಳು, ಬಳೆ ಅಂಗಡಿಯವಳು. ಬಳೆಯ ಗಂಟು ಹೊತ್ತು ಊರೂರು ತಿರುಗಿ ಸೊಂಟ ಹಿಡಿದಿತ್ತು. ಹೆಂಗಸರಿಗೆಂದು ಇದ್ದ ಒಂದೇ ಕೋಣೆಯಲ್ಲಿ ನಾವಿಬ್ಬರೂ ಚಾಪೆ ಹಾಸುತ್ತಿದ್ದೆವು. ಮೊಣಕಾಲು ಮಡಚಿ ಹಿಮ್ಮಡಿಯ ಮೇಲೆ ಕೂರುವುದನ್ನು ಅಪ್ಪಾರು ತೋರಿಸಿದಾಗ ಎಲ್ಲರೂ ಒದ್ದಾಡಿದರು, ಖಾಲಾ ಮಾತ್ರ ಸಲೀಸಾಗಿ ಕೂತಳು. "ಇದು ನಾವು ನಮಾಜಿನಾಗ ದಿನಾ ಕುಂದ್ರೂದೇ ಅಲ್ಲೇನ್ರೀ? ಇದಕ್ಕ ಇಷ್ಟು ದೂರ ಬರಬೇಕಾಗಿತ್ತಾ?" ಎಂದಳು. ಅಪ್ಪಾರು ಜೋರಾಗಿ ನಕ್ಕುಬಿಟ್ಟರು. ನಗುವ ಮನುಷ್ಯ ಅವರು. ಅದನ್ನು ಹೇಳಲೇಬೇಕು.

ನಾನಂತೂ ಮೊದಲ ದಿನವೇ ನಗೆಪಾಟಲಾದೆ. ಮೂಗಿನ ಒಂದು ಹೊಳ್ಳೆ ಮುಚ್ಚಿ ಉಸಿರು ಒಳಗೆ ಎಳೆಸಿ, "ಈಗ ದಮ್ಮು ಹಿಡಿ" ಅಂದರು. ನಮ್ಮ ಕಡೆ ಉಸಿರಿಗೂ ದಮ್ಮು, ಉಬ್ಬಸದ ಬೇನೆಗೂ ದಮ್ಮು, ಧೈರ್ಯಕ್ಕೂ ದಮ್ಮು. ನಾನು ಕೈ ತೆಗೆದು, "ಹಿಡದದ ರೀ ಅಪ್ಪಾರ! ಅದು ಹಿಡದದ ಅಂತನ ಇಲ್ಲಿಗೆ ಬಂದೀನಿ!" ಅಂದೆ. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ, "ಏನವ್ವಾ, ಹಿಡದಿದ್ದು ಬಿಡ್ತೋ ಇಲ್ಲೋ?" ಎಂದು ಕೇಳುತ್ತಿದ್ದರು. ನನ್ನ ಅಪ್ಪ ನಾನು ಸಣ್ಣವಳಿದ್ದಾಗಲೇ ಹೋದ. ಅಪ್ಪ ಇದ್ದಿದ್ದರೆ ಹೀಗೇ ಕೇಳುತ್ತಿದ್ದನೇನೋ ಅನ್ನಿಸುತ್ತಿತ್ತು.

ರಾಯಚೂರಿನ ಡಾಕ್ಟರು ಕೊಟ್ಟ ಗುಳಿಗೆಯ ಸೀಸೆ ನನ್ನ ಹತ್ತಿರ ಇತ್ತು. ದಮ್ಮು ಎದ್ದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಣ್ಣ ಬಿಳಿ ಗುಳಿಗೆ. ಅಪ್ಪಾರು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಬಾವಿಯ ಕಟ್ಟೆಗೆ ಕರೆದುಕೊಂಡು ಹೋಗಿ, "ಇದು ಇರೂತನಕ ನಿನ್ನ ಎದಿ ತನ್ನ ಕೆಲಸ ತಾ ಮಾಡಂಗಿಲ್ಲ. ಒಗಿ" ಅಂದರು. ಒಗೆದೆ. ಗುಳುಕ್ ಅಂತ ಸದ್ದಾಯಿತು. "ನನ್ನ ನೋಡು. ಈ ಮೈಗೆ ಒಂದು ಗುಳಿಗಿ ಮುಟ್ಟಿಸಿಲ್ಲ" ಅಂದರು. ಆ ಹೊಟ್ಟೆ, ಆ ಎದೆ ನೋಡಿದವರು ಯಾರು ನಂಬುವುದಿಲ್ಲ?

ಸುಳ್ಳು ಹೇಳಬಾರದು, ಅವರು ಕಲಿಸಿದ್ದು ಕೆಲಸ ಮಾಡಿತು. ದಿನ ಕಳೆದಂತೆ ಎದೆ ಹಗುರಾಯಿತು. ತುಂಬಿದ ಕೊಡ ಎತ್ತಿಕೊಂಡು ಬಾವಿಯಿಂದ ಅಡುಗೆಮನೆಯವರೆಗೆ ನಿಲ್ಲದೆ ನಡೆದೆ. ಕೊಡ ಎತ್ತಿದವಳು ಮಗಳನ್ನು ಎತ್ತಲಾರೆನೇ? ಆ ಖುಷಿಯಲ್ಲಿ ಖಾಲಾಳನ್ನೂ ಎತ್ತಲು ಹೋದೆ. "ಬಿಡು ಬೇ, ನನ್ನ ಸೊಂಟ ಈಗಷ್ಟೇ ಜಾಗಕ್ಕ ಬಂದದ!" ಎಂದು ಬೈದಳು.

ಆಮೇಲೆ ಸುಗ್ಗಿ ಬಂತು. ಒಂದು ಮಧ್ಯಾಹ್ನ ಪಕ್ಕದ ಹೊಲದಲ್ಲಿ ಜೋಳದ ರಾಶಿ ತೂರುತ್ತಿದ್ದರು. ಗಾಳಿ ತಿರುಗಿತು. ಹೊಟ್ಟು, ಧೂಳು ಎಲ್ಲ ಆಶ್ರಮದ ಮೇಲೇ ಬಂತು. ನನ್ನ ಎದೆ ಕಟ್ಟಿತು. ಕಲಿತದ್ದನ್ನೆಲ್ಲ ಮಾಡಿ ನೋಡಿದೆ. ಒಳಗೆ ಹೋಗಲು ದಾರಿಯೇ ಇಲ್ಲದ ಉಸಿರನ್ನು ಹಿಡಿಯುವುದು ಹೇಗೆ, ಬಿಡುವುದು ಹೇಗೆ? ಖಾಲಾ ಬಟ್ಟೆ ಒಗೆಯಲು ಹೋಗಿದ್ದಳು. ಮಗಳ ಮುಖ ಕಣ್ಣಿಗೆ ಕಟ್ಟಿತು. ಗೋಡೆ ಹಿಡಿದುಕೊಂಡು, ಕೊನೆಗೆ ಅಂಬೆಗಾಲಿನಲ್ಲಿ ಅಪ್ಪಾರ ಕೋಣೆಗೆ ಹೋಗಿ ಬಾಗಿಲು ತಳ್ಳಿದೆ.

ಅವರು ಮಣೆಯ ಮೇಲೆ ಕೂತಿದ್ದರು. ಎರಡೂ ಮೊಣಕೈ ಮೊಣಕಾಲಿನ ಮೇಲೆ ಊರಿ, ಮುಂದಕ್ಕೆ ಬಾಗಿ, ಹೆಗಲು ಕಿವಿಗೆ ಏರಿಸಿಕೊಂಡು. ಹಾಗೆ ಯಾವ ಆಸನವೂ ಇಲ್ಲ. ಹಾಗೆ ಕೂರುವವರು ದಮ್ಮಿನವರು ಮಾತ್ರ. ಪಕ್ಕದಲ್ಲಿ ಸೀಸೆ ಇತ್ತು, ನಾನು ಬಾವಿಗೆ ಒಗೆದಂಥದ್ದೇ.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಇಬ್ಬರಿಗೂ ಮಾತಾಡಲು ಉಸಿರಿಲ್ಲ. ಅವರೇ ತಡವರಿಸುತ್ತಾ ಬಂದು ನನ್ನ ಬಾಯಿ ತೆರೆಸಿ ಒಂದು ಗುಳಿಗೆ ನಾಲಿಗೆಯ ಕೆಳಗೆ ಇಟ್ಟರು. ಇಬ್ಬರೂ ಗೋಡೆಗೆ ಒರಗಿ, ತಿದಿ ಊದಿದ ಹಾಗೆ ಸದ್ದು ಮಾಡುತ್ತಾ ಕೂತೆವು. ಉಸಿರು ಮರಳಿದ ಮೇಲೆ ಅವರು ಅಂದರು, "ಯಾರ ಮುಂದೂ ಅನಬ್ಯಾಡ ಯವ್ವಾ."

ಅಷ್ಟಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ನನ್ನ ಹಾಗೆಯೇ ನರಳುವ ಜೀವ, ಪಾಪ, ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಅದೇ ಸಂಜೆ ರಾಯಚೂರಿನಿಂದ ಭಕ್ತರು ಬಂದರು. ಅಪ್ಪಾರು ನನ್ನನ್ನು ಎಲ್ಲರ ಮುಂದೆ ಕೂರಿಸಿ, "ಈ ಮಗಳಿಗೆ ಇವತ್ತು ಜೀವ ಹೋಗೂದಿತ್ತು. ಬರೇ ಪ್ರಾಣಾಯಾಮದಿಂದ ತಿರುಗಿ ತಂದೆ. ಹೌದಲ್ಲೇನವ್ವಾ?" ಅಂದರು. ಭಕ್ತರಲ್ಲಿ ಒಬ್ಬ ಮುದುಕ ದಮ್ಮಿನವನು. ಅವನು ಆಗಲೇ ಅಂಗಿಯ ಕಿಸೆಯಿಂದ ತನ್ನ ಸೀಸೆ ತೆಗೆಯುತ್ತಿದ್ದ.

ನನಗೆ ತಡೆಯಲಾಗಲಿಲ್ಲ. "ಹೌದ್ರೀ ಅಪ್ಪಾರ, ನೀವ ಉಳಿಸಿದ್ರಿ. ಆದ್ರ ಗುಳಿಗಿ ಕೊಟ್ಟಿದ್ದು ಹೇಳೂದು ಮರತ್ರಿ" ಅಂದೆ.

ಅಪ್ಪಾರು ನನ್ನ ಕಡೆ ನೋಡದೆ ನಕ್ಕರು. ಎಷ್ಟು ಚೆಂದದ ನಗು!

"ಹುಚ್ಚು ಹುಡಗಿ. ಅದು ಗುಳಿಗಿ ಅಲ್ಲವ್ವಾ, ಪ್ರಸಾದ."

ಭಕ್ತರು ಕೈ ಮುಗಿದರು. ಮುದುಕ ಬಾವಿ ಎಲ್ಲಿದೆ ಎಂದು ಕೇಳಿದ. ನಾನು ಅಡ್ಡ ಹೋಗಿ, "ಒಗೀಬ್ಯಾಡ ಯಪ್ಪಾ" ಅಂದೆ. ಅವನ ಮಗ ನನ್ನನ್ನು ಪಕ್ಕಕ್ಕೆ ಸರಿಸಿ, "ಓದು ಇಲ್ಲ, ಬರಹ ಇಲ್ಲ, ಇಂಥವರಿಗೇನು ತಿಳೀತದ" ಅಂದ. ಅಪ್ಪಾರು ಕೇಳಿಸಿಕೊಂಡರು, ಸುಮ್ಮನಿದ್ದರು. ಇಷ್ಟು ವರ್ಷವಾದರೂ ನನ್ನನ್ನು ಸುಡುವುದು ಆ ಸುಮ್ಮನಿರುವುದೇ. ಅಪ್ಪನೆಂದುಕೊಂಡವನು ಹಾಗೆ ಸುಮ್ಮನಿರಬಾರದಿತ್ತು.

ಮರುದಿನ ಬೆಳಿಗ್ಗೆ ಖಾಲಾ ತನ್ನ ಗಂಟನ್ನೂ ನನ್ನ ಗಂಟನ್ನೂ ಒಟ್ಟಿಗೇ ಕಟ್ಟಿದಳು. "ನಡಿ ಬೇಟಿ. ಸುಳ್ಳಿನ ಮನಿಯಾಗ ನನ್ನ ಸೊಂಟ ನೆಟ್ಟಗಾಗೂದು ಬ್ಯಾಡ." ನಾನು ರಾಯಚೂರಿಗೆ ಹೋಗಿ ಮತ್ತೆ ಗುಳಿಗೆ ಬರೆಸಿಕೊಂಡೆ, ಮಗಳನ್ನು ಮನೆಗೆ ತಂದೆ. ಗುಳಿಗೆಯೂ ಇತ್ತು, ಅವರು ಕಲಿಸಿದ ಉಸಿರೂ ಇತ್ತು. ಎರಡರಿಂದ ಬದುಕಿದೆ.

ಎಂಬತ್ತರ ದಶಕದಲ್ಲಿ ಇನ್ನೊಮ್ಮೆ ಸಿಕ್ಕರು. ಮಾನ್ವಿಯ ಅಂಗಡಿಯಲ್ಲಿ ಖಾಲಾ ನನಗೆ ಬಳೆ ಇಡುತ್ತಿದ್ದಳು. ಯಾರೋ ಗಂಡಸು ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತ, ಬೆನ್ನು ನಮ್ಮ ಕಡೆ. "ಯಾರ್ರೀ ಅದು? ಗಂಡಸರ ಅಳತಿ ಬಳಿ ಇಲ್ರೀ ನಮ್ಮಲ್ಲಿ" ಎಂದು ಖಾಲಾ ಕೂಗಿದಳು. ಮೊಣಕೈ ಮೊಣಕಾಲಿನ ಮೇಲಿದ್ದದ್ದನ್ನು ನೋಡಿ ನಾನು ಗುರುತು ಹಿಡಿದೆ. ಕಾವಿ ಇರಲಿಲ್ಲ. ಸಾದಾ ಧೋತರ, ಅಂಗಿ. ಖಾಲಾ ಒಳಗೆ ಹೋಗಿ ನೀರು ತಂದಳು.

ಅವರು ನೀರು ಕುಡಿದು ನೆಲ ನೋಡುತ್ತಾ ಅಂದರು, "ಆಶ್ರಮ ಬಿಟ್ಟೆ. ನಿನ್ನ ಹಿಂದ ಮಸರಕಲ್ಲಿನಾಕಿ ಒಬ್ಬಾಕಿ ಬಂದಿದ್ಲು. ಆಕಿ ಗುಳಿಗಿನೂ ಬಾವಿಗೆ ಹಾಕಿಸಿದೆ. ಆಕಿಗೆ ದಮ್ಮು ಎದ್ದ ದಿನ ನಾ ಊರಾಗ ಇರಲಿಲ್ಲ."

ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ. "ಮಕ್ಕಳಿದ್ರೇನ್ರೀ?"

"ಇದ್ರು."

ಬಸ್ಸು ಬಂತು, ಎದ್ದು ಹೋದರು. ಕೆಲವು ತಿಂಗಳ ಮೇಲೆ ರಾಯಚೂರಿನ ದವಾಖಾನೆಯಲ್ಲಿ ತೀರಿಕೊಂಡರೆಂದು ಖಾಲಾ ಹೇಳಿದಳು. "ಅಳ್ತೀಯೇನು?" ಎಂದು ಕೇಳಿದಳು. ಗೊತ್ತಾಗದೆ ಕೆನ್ನೆ ಮುಟ್ಟಿ ನೋಡಿಕೊಂಡೆ.

ನನಗೆ ಉಸಿರು ಕೊಟ್ಟವರು ಅವರೇ. ಇಲ್ಲವೆಂದರೆ ನನ್ನ ಎದೆ ನನ್ನನ್ನೇ ಸುಳ್ಳಿ ಅನ್ನುತ್ತದೆ. ಆದರೆ ದಿನಾ ಬೆಳಿಗ್ಗೆ ಯೋಗ ಮುಗಿದ ಮೇಲೆ ಕಲಿಸಿದವರನ್ನು ನೆನೆದು ಕೈ ಮುಗಿಯಬೇಕು ಎಂಬ ಪದ್ಧತಿ ಇದೆಯಲ್ಲ, ಆ ಮುಗಿದ ಕೈ ಅಂದಿನಿಂದ ಅವರಿಗೆ ಸಲ್ಲಲಿಲ್ಲ. ಮಸರಕಲ್ಲಿನ ಆ ಹೆಂಗಸಿಗೆ ಮುಗಿಯುತ್ತೇನೆ. ಅವಳ ಹೆಸರನ್ನೂ ನಾನು ಕೇಳಲಿಲ್ಲ.