ಹಿಂದಿನಿಂದ ಹೊದಿಸಿದ ಶಾಲು

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ತುಮಕೂರಿನ ಒಂದು ಸೇವಾಸಂಸ್ಥೆಯಲ್ಲಿ ಜೀಪು ಓಡಿಸುತ್ತಿದ್ದೆ. ದೌರ್ಜನ್ಯಕ್ಕೆ ಸಿಕ್ಕಿ ನಲುಗಿದವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಸಮಾಜ ಕಾರ್ಯಕರ್ತೆಯರಿಗೆ ಅಲ್ಲಿ ತರಬೇತಿ ಕೊಡುತ್ತಿದ್ದರು.

ಒಮ್ಮೆ ಹುತ್ರಿದುರ್ಗದ ಕಡೆಯ ಹೆಂಗಸೊಬ್ಬಳನ್ನು ಆ ತರಬೇತಿಗೆ ಕರೆತರಲು ಕಳಿಸಿದರು. ಹೊಲದ ದಾರಿಯಲ್ಲಿ ಯಾವನೋ ಹಿಂದಿನಿಂದ ಬಂದು ಅವಳ ಮೇಲೆ ಎರಗಿದ್ದ. ಕುಣಿಗಲ್ಲಿಗೆ ವಾರವಾರ ಆಪ್ತಸಮಾಲೋಚನೆಗೆ ಬಂದು, ಆಗತಾನೆ ನಾಲ್ಕು ಮಾತಾಡಲು ಶುರುಮಾಡಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಅವಳನ್ನು ಕರೆತಂದು ಬಿಡುತ್ತಿದ್ದವನೇ ನಾನು.

"ಅಣ್ಣ, ಅಲ್ಲಿ ನನ್ನ ಏನೂ ಕೇಳಲ್ವಾ?"

"ಏನಿಲ್ಲ ಕಣವ್ವ. ಸನ್ಮಾನ ಮಾಡ್ತಾರಂತೆ. ಊಟ ಮಾಡ್ಕೊಂಡು ಬರೋಣ ಬಾ."

ತುಮಕೂರಿನ ಸದಾಶಿವನಗರದ ಸಭಾಂಗಣದಲ್ಲಿ ಗುಬ್ಬಿ, ಕುಣಿಗಲ್ಲಿನ ಕಾರ್ಯಕರ್ತೆಯರು ತುಂಬಿದ್ದರು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಕೇಳದೆ ಮುಟ್ಟಬಾರದು. ಅದರ ಕೆಳಗೇ ಅವಳನ್ನು ಕೂರಿಸಿದರು. ತರಬೇತಿ ಕೊಡುವ ಮೇಡಂ ನನ್ನ ಕೈಗೆ ಶಾಲು ಕೊಟ್ಟು, "ಹೊದಿಸಪ್ಪ, ಫೋಟೋ ತೆಗೀತಾರೆ" ಎಂದರು. ಫೋಟೋದಲ್ಲಿ ಮುಖ ಕಾಣಬೇಕಲ್ಲ, ಹಿಂದೆ ನಿಂತೇ ಹೊದಿಸುವುದು ನಮ್ಮ ರೂಢಿ. ಮಂತ್ರಿಗೂ ಹಾಗೇ, ಮೇಷ್ಟರಿಗೂ ಹಾಗೇ. ನಾನೂ ಹಾಗೇ ಹೊದಿಸಿದೆ.

ಅವಳು ಕಿರುಚಿ, ಕುರ್ಚಿಯಿಂದ ಉರುಳಿ, ಮೇಜಿನ ಕೆಳಗೆ ಮುದುರಿಕೊಂಡಳು.

ಮೇಡಂ ಏನು ಮಾಡಿದರು? ಮೈಕು ಹಿಡಿದು, "ನೋಡಿ, ಇದೇ ಟ್ರಾಮಾ. ಬರ್ಕೊಳ್ಳಿ" ಎಂದರು. ಬರೆದುಕೊಂಡರು! ಒಬ್ಬಳೂ ಏಳಲಿಲ್ಲ. ಒಂದು ಲೋಟ ನೀರು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೇಜಿನ ಕೆಳಗೆ ಜೀವವೊಂದು ನಡುಗುತ್ತಿದ್ದರೆ ಇವರಿಗೆ ಅದು ಪಾಠ! ಈಗ ನೆನೆದರೂ ಮೈ ಉರಿಯುತ್ತದೆ. ಮಧ್ಯಾಹ್ನ ಹೋಳಿಗೆ ಊಟ ಮಾಡಿದರು, ಸಂಜೆ ಸರ್ಟಿಫಿಕೇಟು ಹಿಡಿದು ಬಸ್ಸು ಹತ್ತಿದರು.

ಅವರನ್ನು ಬೈಯಲು ನಾನು ಯಾರು? ವಾಪಸು ಬರುವಾಗ, ಜನರೆದುರು ನನಗಾದ ಅವಮಾನಕ್ಕೆ ಅವಳ ಮೇಲೇ ರೇಗಿದೆ.

"ಶಾಲು ಹೊದಿಸಿದ್ರೆ ಹಂಗ್ ಕಿರುಚ್ತಾರೇನವ್ವ? ನಾನೇನೋ ಮಾಡ್ದೆ ಅಂದ್ಕೊಳಲ್ವಾ ಜನ?"

"ತಪ್ಪಾಯ್ತು ಕಣಣ್ಣ" ಎಂದಳು. ಅವಳು!

ಮುಂದಿನ ವಾರ ಕರೆತರಲು ಹೋದರೆ ಬಾಗಿಲು ತೆರೆಯಲಿಲ್ಲ. ಆಮೇಲೂ ತೆರೆಯಲಿಲ್ಲ. ಸಂಸ್ಥೆಯವರು, ಅವಳಿಗೇ ಇಷ್ಟವಿಲ್ಲ ಎಂದು ಕೈತೊಳೆದುಕೊಂಡರು. ಇಷ್ಟವಿಲ್ಲವಂತೆ! ಆ ಬಾಗಿಲು ಮುಚ್ಚಿಸಿದವರು ನಾವು. ನಾನೋ, ರಸ್ತೆಯಿಂದಲೇ ಹಾರನ್ ಹೊಡೆದು ತಿರುಗಿ ಬಂದೆ. ಇಳಿದು ಹೋಗಿ, ಹೊಸ್ತಿಲ ಹೊರಗೆ ನಿಂತು, ತಪ್ಪು ನನ್ನದು ಎಂದು ಹೇಳಲಿಲ್ಲ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವಳನ್ನು, ನನ್ನ ಮಾತು ನಂಬಿ ಜೀಪು ಹತ್ತಿದ ಆ ತಂಗಿಯನ್ನು.